ಕ್ಯಾಂಪರ್ ವ್ಯಾನಿಗೆ 400 ವ್ಯಾಟ್ ಸೋಲಾರ್ ಕಿಟ್: ಯಾರಿಗೆ ಬೇಕು, ಯಾರಿಗೆ ಬೇಡ

ಟೆಂಪೊ ಟ್ರಾವೆಲರ್ ಅಥವಾ ವಿಂಗರ್ ತಗೊಂಡು ಕ್ಯಾಂಪರ್ (ಒಳಗೇ ಮಲಗಿ ಉಣ್ಣುವ ಪ್ರವಾಸದ ಗಾಡಿ) ಮಾಡಿಸಲು ಹೊರಟರೆ, ಬಾಡಿ ಕಟ್ಟುವವರ ಕೊಟೇಶನ್‌ನಲ್ಲಿ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಸೋಲಾರ್ ಕಿಟ್, 400 ವ್ಯಾಟ್. ಅಂದರೆ 200 ವ್ಯಾಟಿನ ಎರಡು ಮೊನೊ ಪ್ಯಾನೆಲ್, ಅವುಗಳ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬುವ ಒಂದು ಚಾರ್ಜ್ ಕಂಟ್ರೋಲರ್, ವೈರು, ಕ್ಲಾಂಪು. ಇಲ್ಲಿ ತೂಗಿ ನೋಡುತ್ತಿರುವುದು ಆ ಸಾಲನ್ನೇ. ತೀರ್ಪು ಮೊದಲೇ ಹೇಳಿಬಿಡೋಣ. ಕಿಟ್ ಕೆಲಸ ಮಾಡುತ್ತದೆ. ಆದರೆ ದಿನಾ ಎರಡು ಮೂರು ಗಂಟೆ ಗಾಡಿ ಓಡಿಸುವವರಿಗೆ ಅದು ಬೇಡ. ಹೋದಲ್ಲೆಲ್ಲ ಮರದ ನೆರಳು ಹುಡುಕಿ ನಿಲ್ಲಿಸುವವರಿಗೂ ಬೇಡ. ಬಯಲಲ್ಲಿ ಎರಡು ಮೂರು ದಿನ ಕದಲದೆ ನಿಲ್ಲುವವರಿಗೆ, ಅದರಲ್ಲೂ ಫ್ರಿಜ್ ಇಟ್ಟುಕೊಂಡವರಿಗೆ, ಖಂಡಿತ ಬೇಕು. ಛಾವಣಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ದಿನಕ್ಕೆ ಎಷ್ಟು ಯೂನಿಟ್?

ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಲೆಕ್ಕ ಹಾಕಿದರೆ ತಲೆ ಕೆಡುವುದಿಲ್ಲ. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಇಬ್ಬರು ಇರುವ ವ್ಯಾನಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್, 40–50 ಲೀಟರಿನದು, ಓಡುವಾಗ 45ರಿಂದ 60 ವ್ಯಾಟ್ ಎಳೆಯುತ್ತದೆ. ನಮ್ಮ ಸೆಕೆಗೆ ಅದು ದಿನದ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ, 0.6 ಯೂನಿಟ್ ಅಂತ ಹಿಡಿಯಿರಿ. 15 ವ್ಯಾಟಿನ ಎರಡು ಡಿಸಿ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 0.24. ಲ್ಯಾಪ್‌ಟಾಪ್ ನಾಲ್ಕು ಗಂಟೆಗೆ ಇನ್ನೊಂದು 0.24. ಎಲ್‌ಇಡಿ ದೀಪ, ಫೋನುಗಳು, ನೀರಿನ ಪಂಪು ಎಲ್ಲ ಸೇರಿ 0.14. ಇಷ್ಟನ್ನು ಎಲ್ಲರೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಬಿಟ್ಟುಹೋಗುವುದು ಇನ್ವರ್ಟರ್ ತಾನೇ ತಿನ್ನುವ ಕರೆಂಟು. ಏನೂ ಹಾಕದೆ ಸುಮ್ಮನೆ ಆನ್ ಮಾಡಿಟ್ಟರೂ ಅದು 15 ವ್ಯಾಟಿನಷ್ಟು ಎಳೆಯಬಹುದು. ಹತ್ತು ಗಂಟೆಗೆ 0.15 ಯೂನಿಟ್, ಆಫ್ ಮಾಡುವುದನ್ನೇ ಮರೆತರೆ ದಿನಕ್ಕೆ 0.36, ಅಂದರೆ ಫ್ರಿಜ್ಜಿನ ಅರ್ಧಕ್ಕಿಂತ ಹೆಚ್ಚು. ಲ್ಯಾಪ್‌ಟಾಪಿಗೆ 12 ವೋಲ್ಟಿನ ಯುಎಸ್‌ಬಿ-ಸಿ ಚಾರ್ಜರ್ ಹಾಕಿಕೊಂಡರೆ ಇನ್ವರ್ಟರ್ ಮುಟ್ಟುವ ಕೆಲಸವೇ ಇರುವುದಿಲ್ಲ.

ಇನ್ವರ್ಟರಿಗೆ 0.15 ಹಿಡಿದರೆ ಒಟ್ಟು 1.37 ಯೂನಿಟ್. ಫ್ರಿಜ್, ಲ್ಯಾಪ್‌ಟಾಪ್, ಇನ್ವರ್ಟರ್ ತೆಗೆದರೆ 0.4ಕ್ಕೂ ಕಡಿಮೆ. ಅಷ್ಟಕ್ಕೆ ಸೋಲಾರ್ ಹಾಕಿಸುವುದು ದುಡ್ಡು ದಂಡ. 100 ಎಎಚ್ (ಆಂಪ್-ಅವರ್, ಬ್ಯಾಟರಿಯ ಸಂಗ್ರಹದ ಅಳತೆ) ಲಿಥಿಯಂ ಬ್ಯಾಟರಿ ಮೂರು ದಿನ ಎಳೆಯುತ್ತದೆ.

ಇಂಡಕ್ಷನ್ ಒಲೆ, ಎಸಿ ಬಗ್ಗೆ ಹೆಚ್ಚು ಮಾತು ಬೇಡ. 1,800 ವ್ಯಾಟಿನ ಒಲೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪ್‌ಗಿಂತ ಹೆಚ್ಚು ಎಳೆಯುತ್ತದೆ, ಅದಕ್ಕೆ ಬೇಕಾದ ಕೇಬಲ್ಲು ಹೆಬ್ಬೆರಳು ಗಾತ್ರದ್ದು. ಒಂದು ಟನ್ ಎಸಿ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ಕೇಳುತ್ತದೆ. ಛಾವಣಿ ಮೇಲಿನ 400 ವ್ಯಾಟ್ ಅದನ್ನು ಮೂರು ದಿನ ದುಡಿದು ತುಂಬಬೇಕು. 'ಸೋಲಾರಲ್ಲೇ ಎಸಿ ಓಡತ್ತೆ ಸಾರ್' ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

400 ವ್ಯಾಟ್ ಅಂದರೆ ಕೈಗೆ ಬರುವುದೆಷ್ಟು

ಪ್ಯಾನೆಲ್ ಹಿಂದಿನ ಚೀಟಿಯಲ್ಲಿರುವ ವ್ಯಾಟ್ ಸೆಲ್ಲಿನ (ಪ್ಯಾನೆಲ್ ಒಳಗೆ ಕರೆಂಟು ಹುಟ್ಟಿಸುವ ಬಿಲ್ಲೆ) ಉಷ್ಣಾಂಶ 25 ಡಿಗ್ರಿ ಇದ್ದಾಗಿನದು. ಏಪ್ರಿಲ್‌ನಲ್ಲಿ ವ್ಯಾನಿನ ಛಾವಣಿ ಮೇಲೆ ಸೆಲ್ 65 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ 0.35ರಷ್ಟು ಕಡಿತ, ಅಂದರೆ ಬರೀ ಬಿಸಿಗೇ ಶೇ 14 ಹೋಯಿತು. ಧೂಳು, ವೈರು, ಕಂಟ್ರೋಲರ್, ಮಲಗಿಸಿದ ಕೋನ ಎಲ್ಲ ಸೇರಿದರೆ ಶೇ 70 ಉಳಿದರೆ ಒಳ್ಳೆಯದು. ಬಯಲುಸೀಮೆಯಲ್ಲಿ ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲಿನ ಲೆಕ್ಕ ಹಿಡಿದರೆ 400 × 5 × 0.7, ಅಂದರೆ 1.4 ಯೂನಿಟ್. ಮೇಲಿನ ಖರ್ಚಿಗೆ ಸರಿಹೊಂದಿತು. ಹಂಪಿ, ಬಾದಾಮಿ ಕಡೆ ಮಾರ್ಚಿನಲ್ಲಿ ಇನ್ನಷ್ಟು ಬರುತ್ತದೆ. ಜುಲೈಯಲ್ಲಿ ಮಲೆನಾಡಿನ ಮೋಡದ ಕೆಳಗೆ, ಬಯಲಲ್ಲೇ ನಿಂತರೂ, ಇದರ ಅರ್ಧದ ಆಸುಪಾಸು ಇಟ್ಟುಕೊಳ್ಳಿ.

ಇಂಗ್ಲೆಂಡ್, ಜರ್ಮನಿಯವರ ವಿಡಿಯೊ ನೋಡಿ ಪ್ಯಾನೆಲ್ ಎತ್ತಿ ನಿಲ್ಲಿಸುವ ಟಿಲ್ಟ್ ಸ್ಟ್ಯಾಂಡ್ ಕೇಳುವವರಿದ್ದಾರೆ. ನಮಗೆ ಅದು ಬೇಡ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲೂ ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಲಗಿಸಿದ ಪ್ಯಾನೆಲ್‌ಗೆ ಆಗಲೂ ನೇರ ಬಿಸಿಲಿನ ಶೇ 80 ಬೀಳುತ್ತದೆ. ಲಂಡನ್ನಿನಲ್ಲಿ ಆ ಹೊತ್ತಿಗೆ ಸೂರ್ಯ ಏರುವುದು 15 ಡಿಗ್ರಿ ಮಾತ್ರ, ಅಲ್ಲಿ ಕಾಲುಭಾಗ ಬಿದ್ದರೆ ಪುಣ್ಯ. ಅವರ ತೊಂದರೆಗೆ ನಾವು ಸ್ಟ್ಯಾಂಡ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಮಲಗಿದ ಪ್ಯಾನೆಲ್‌ಗೆ ಒಂದೇ ಕಷ್ಟ: ಮಳೆನೀರು ಪೂರ್ತಿ ಇಳಿಯದೆ ಫ್ರೇಮಿನ ಅಂಚಲ್ಲಿ ನಿಂತು, ಒಣಗಿ, ಕೆಸರಿನ ಪಟ್ಟಿ ಕಟ್ಟುತ್ತದೆ. ಅಂಚಿನ ಸಾಲಿನ ಸೆಲ್ಲುಗಳು ಅದರಡಿ ಹೂತುಹೋದರೆ ಬರುವ ಕರೆಂಟು ಕುಸಿಯುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ, ಗಾಜು ತಣ್ಣಗಿರುವಾಗ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೆರಳಿನ ವಿಷಯ ಬೇರೆಯೇ. ಸಾಮಾನ್ಯ ಪ್ಯಾನೆಲ್‌ನಲ್ಲಿ ಸೆಲ್ಲುಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ, ಜೊತೆಗೆ ಎರಡೋ ಮೂರೋ ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟಿಗೆ ಬದಲಿ ದಾರಿ ಕೊಡುವ ಬಿಡಿಭಾಗ. ಒಂದು ಸೆಲ್ ಪೂರ್ತಿ ಮುಚ್ಚಿದರೆ ಆ ಡಯೋಡಿಗೆ ಸೇರಿದ ಭಾಗವೆಲ್ಲ ಲೆಕ್ಕದಿಂದ ಹೊರಗೆ. ತೇಗದ ಎಲೆ ಒಂದು ಬಿದ್ದು ಅಂಟಿಕೊಂಡರೂ ಮೂರನೇ ಒಂದು ಭಾಗ, ಕೆಲವದರಲ್ಲಿ ಅರ್ಧ, ಹೋಗುತ್ತದೆ. ಛಾವಣಿ ಮೇಲಿನ ವೆಂಟ್ ಫ್ಯಾನಿನ ಮುಚ್ಚಳ, ಲಗೇಜ್ ಕ್ಯಾರಿಯರ್ ಕಂಬಿ, ಎಸಿ ಯೂನಿಟ್, ಇವುಗಳ ನೆರಳೂ ಹಾಗೆಯೇ. ಪ್ಯಾನೆಲ್ ಜಾಗ ಗುರುತಿಸುವ ಮೊದಲು ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಛಾವಣಿ ಹತ್ತಿ ಯಾವುದರ ನೆರಳು ಎಲ್ಲಿ ಬೀಳುತ್ತದೆ ಎಂದು ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಬಾಡಿ ಕಟ್ಟುವವರು ಇದನ್ನು ಮಾಡುವುದು ಅಪರೂಪ, ಏಕೆಂದರೆ ಅವರ ಶೆಡ್ಡಿನೊಳಗೆ ಬಿಸಿಲೇ ಇರುವುದಿಲ್ಲ.

ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಹೋಂಸ್ಟೇಗಳಲ್ಲಿ ಸಿಲ್ವರ್ ಓಕ್ ಕೆಳಗೆ ನಿಂತ ವ್ಯಾನಿಗೆ ಛಾವಣಿ ಪ್ಯಾನೆಲ್ ಇದ್ದೂ ಇಲ್ಲದಂತೆ. ಅಲ್ಲಿ ಪ್ಲಗ್ ಪಾಯಿಂಟ್ ಇರುತ್ತದೆ, ಕೇಳಿ ಹಾಕಿಕೊಳ್ಳಿ. ನೆರಳಿಲ್ಲದ ಕಡೆ ಮಾರ್ಚಿನಿಂದ ಮೇವರೆಗೆ ಇನ್ನೊಂದು ಪೇಚು. ಪ್ಯಾನೆಲ್‌ಗೆ ಬಿಸಿಲು ಬೇಕು, ಒಳಗಿನ ಜನಕ್ಕೂ ಫ್ರಿಜ್ಜಿಗೂ ನೆರಳು ಬೇಕು. ಬಿಸಿಲಿಗೆ ನಿಲ್ಲಿಸಿದರೆ ಕರೆಂಟೂ ಹೆಚ್ಚು ಬರುತ್ತದೆ, ಫ್ರಿಜ್ ಓಡುವ ಹೊತ್ತೂ ಹೆಚ್ಚುತ್ತದೆ. ಗಟ್ಟಿ ಪ್ಯಾನೆಲ್ ಛಾವಣಿಗಿಂತ 3–4 ಸೆಂ.ಮೀ. ಎತ್ತರದಲ್ಲಿದ್ದರೆ ಕೆಳಗಿನ ತಗಡಿಗೆ ಅದೇ ಚಪ್ಪರವಾಗುತ್ತದೆ, ಅಷ್ಟು ಸಮಾಧಾನ.

ಮೊದಲು ಇಂಜಿನ್ನಿನಿಂದ

ಸೋಲಾರಿಗೆ ಮುಂಚೆ ದುಡ್ಡು ಹಾಕಬೇಕಾದ್ದು ಡಿಸಿ-ಡಿಸಿ ಚಾರ್ಜರಿಗೆ. ಗಾಡಿ ಓಡುವಾಗ ಆಲ್ಟರ್ನೇಟರಿನಿಂದ (ಇಂಜಿನ್ ತಿರುಗಿಸುವ ಕರೆಂಟ್ ಯಂತ್ರ) ಫ್ರಿಜ್, ಫ್ಯಾನುಗಳ ಒಳಬಳಕೆಯ ಬ್ಯಾಟರಿ ತುಂಬುವ ಪೆಟ್ಟಿಗೆ ಅದು. ವಿಕ್ಟ್ರಾನ್ ಕಂಪನಿಯ ಓರಿಯನ್-ಟಿಆರ್ ಸ್ಮಾರ್ಟ್ 12/12-30 ಇದಕ್ಕೆ ಒಳ್ಳೆಯ ಉದಾಹರಣೆ. 30 ಆಂಪ್ ಕೊಡುತ್ತದೆ, ಗಂಟೆಗೆ ಹತ್ತಿರಹತ್ತಿರ 0.4 ಯೂನಿಟ್. ಬೆಂಗಳೂರಿನಿಂದ ಹಾಸನಕ್ಕೆ ಹೋಗುವಷ್ಟರಲ್ಲಿ ಒಂದು ಯೂನಿಟ್ಟಿಗಿಂತ ಹೆಚ್ಚು ತುಂಬಿರುತ್ತದೆ, ಮಳೆ ಇರಲಿ, ರಾತ್ರಿ ಇರಲಿ. ಅದರದ್ದೊಂದು ದೌರ್ಬಲ್ಯ: ಬಿಸಿಯಾದರೆ ತಾನೇ ಆಂಪ್ ಇಳಿಸಿಕೊಳ್ಳುತ್ತದೆ. ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ 30 ಆಂಪ್ ಹೆಸರಿಗೆ ಮಾತ್ರ. ಗಾಳಿ ಆಡುವ ಕಡೆ, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಕೂರಿಸಬೇಕು.

ಕಾಸು ಉಳಿಸಲು ಬರೀ ರಿಲೇ (ತಾನೇ ಕೂಡುವ ಸ್ವಿಚ್) ಹಾಕಿ ಇಂಜಿನ್ನಿನದೂ ಒಳಬಳಕೆಯದೂ ಎರಡೂ ಬ್ಯಾಟರಿ ಜೋಡಿಸಿಬಿಡುವುದು ಹಳೆಯ ಪದ್ಧತಿ. ಲೆಡ್ ಆಸಿಡ್ ಕಾಲಕ್ಕೆ ಸರಿ ಇತ್ತು. ಲಿಥಿಯಂ ಬ್ಯಾಟರಿ ಖಾಲಿಯಿದ್ದಾಗ ಕೊಟ್ಟಷ್ಟೂ ಕರೆಂಟು ನುಂಗುತ್ತದೆ, ಟ್ರಾಫಿಕ್ಕಿನಲ್ಲಿ ಐಡಲ್ ನಿಂತಾಗ ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ. ಬಿಎಸ್6 ಗಾಡಿಗಳಲ್ಲಿ ವೋಲ್ಟೇಜನ್ನು ಇಂಜಿನ್ ಕಂಪ್ಯೂಟರೇ ಏರಿಳಿಸುವಂಥವೂ ಇವೆ. ಅಲ್ಲಿ ರಿಲೇ ಹಾಕಿದರೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಆಲ್ಟರ್ನೇಟರ್ ಚೀಟಿಯಲ್ಲಿರುವ ಆಂಪಿನ ಅರ್ಧಕ್ಕಿಂತ ಹೆಚ್ಚು ಎಳೆಯದ ಚಾರ್ಜರ್ ಆರಿಸಿ.

ಇದರ ಜೊತೆಗೆ ಒಂದು ಶಂಟ್ ಮೀಟರ್ ಹಾಕಿಸಿ, ಪ್ಯಾನೆಲ್ ಇಲ್ಲದೆ ಒಂದು ಪ್ರವಾಸ ಮುಗಿಸಿ ಬನ್ನಿ. ದಿನಕ್ಕೆ ಎಷ್ಟು ಹೋಯಿತು, ಎಷ್ಟು ಬಂತು ಅಂತ ಮೀಟರೇ ಹೇಳುತ್ತದೆ. ಅರ್ಧಕ್ಕರ್ಧ ಜನಕ್ಕೆ ಪ್ಯಾನೆಲ್ ಬೇಡ ಅನ್ನುವುದು ಅಲ್ಲೇ ಗೊತ್ತಾಗುತ್ತದೆ ಅನ್ನುವುದು ನಮ್ಮ ಅನಿಸಿಕೆ. ಛಾವಣಿಯ ಮೇಲೆ ಜಾಗವನ್ನೂ ಒಳಗೆ ಒಂದು ಖಾಲಿ ಪೈಪನ್ನೂ ಬಿಟ್ಟಿದ್ದರೆ ಆಮೇಲೆ ಹಾಕಿಸುವುದು ಒಂದು ದಿನದ ಕೆಲಸ.

ಹಾಕಿಸುವುದೇ ಆದರೆ

ಅಂಟಿಸುವ ಬಾಗುವ ಪ್ಯಾನೆಲ್ ಬೇಡ. ಹಗುರ, ನೋಡಲು ಚೆಂದ, ಕೆಳಗಿಂದ ಕಾಣುವುದಿಲ್ಲ, ಎಲ್ಲ ನಿಜ. ಆದರೆ ತಗಡಿಗೇ ಅಂಟಿಕೊಂಡಿರುವುದರಿಂದ ಹಿಂದೆ ಗಾಳಿಯಿಲ್ಲ. ಬಿಸಿಗೆ ಪದರ ಉಬ್ಬುತ್ತದೆ, ಸೆಲ್ಲಿನಲ್ಲಿ ಬಿರುಕು ಬಿಡುತ್ತದೆ, ಕೆಲವೇ ವರ್ಷದಲ್ಲಿ ಮುಗಿದಂತೆ. ಕಿತ್ತು ತೆಗೆಯುವಾಗ ಪೇಂಟೂ ಜೊತೆಗೇ ಬರುತ್ತದೆ. ಗಾಜಿನ ಗಟ್ಟಿ ಪ್ಯಾನೆಲ್ಲೇ ಸರಿ.

ಎರಡು 200ರ ಬದಲು ಮನೆ ಛಾವಣಿಗೆ ಹಾಕುವ ಒಂದೇ 540 ವ್ಯಾಟಿನ ಪ್ಯಾನೆಲ್ ಹಾಕಬಹುದೇ? ವ್ಯಾಟ್ ಲೆಕ್ಕದಲ್ಲಿ ಅದು ಅಗ್ಗ. ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 27–28 ಕೆಜಿ ತೂಕ. ಟ್ರಾವೆಲರ್ ಛಾವಣಿ ಖಾಲಿಯಿದ್ದರೆ ಆರಾಮಾಗಿ ಕೂರುತ್ತದೆ, ಆದರೆ ನಾಲ್ಕು ಮೂಲೆ ಸಾಲದು, ಆರು ಕಡೆ ಆಧಾರ ಕೊಡಬೇಕು. ದುರಾಸೆಗೆ ಅಂಥವೆರಡನ್ನು ಸರಣಿಯಲ್ಲಿ ಜೋಡಿಸಲು ಹೋಗಬೇಡಿ. ಒಂದರ ಓಪನ್ ವೋಲ್ಟೇಜ್ (ಏನೂ ಜೋಡಿಸದಾಗಿನ ವೋಲ್ಟೇಜ್) 49.5ರ ಆಸುಪಾಸು, ಎರಡು ಸೇರಿದರೆ 99. ಚಳಿಯಲ್ಲಿ ವೋಲ್ಟೇಜ್ ಏರುತ್ತದೆ. ಮಡಿಕೇರಿಯ ಜನವರಿ ಬೆಳಿಗ್ಗೆಗೇ 100 ದಾಟುತ್ತದೆ. 100 ವೋಲ್ಟ್ ಮಿತಿಯ ಕಂಟ್ರೋಲರ್ ಅಲ್ಲಿಗೆ ಸುಟ್ಟಿತು.

ಕಂಟ್ರೋಲರ್ ಎಂಪಿಪಿಟಿಯೇ ಆಗಿರಬೇಕು, ಅದು ಪ್ಯಾನೆಲಿನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಬದಲಿಗೆ ಆಂಪ್ ಹೆಚ್ಚಿಸುವ ಬಗೆ. ಪಿಡಬ್ಲ್ಯೂಎಂ ಅನ್ನುವುದು ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಕಟ್ಟಿದ ಹಾಗೆ, ಪ್ಯಾನೆಲಿನ ವೋಲ್ಟೇಜನ್ನು 13ಕ್ಕೆ ಎಳೆದುಬಿಡುತ್ತದೆ. 100 ವ್ಯಾಟಿನ ಪ್ಯಾನೆಲಿನ 5.5 ಆಂಪ್ 13 ವೋಲ್ಟಿಗೆ ಬಂದರೆ 72 ವ್ಯಾಟ್ ಅಷ್ಟೆ. 540ರ ದೊಡ್ಡ ಪ್ಯಾನೆಲ್‌ಗೆ ಹಾಕಿದರೆ ಮೂರನೇ ಎರಡು ಭಾಗ ನೀರುಪಾಲು. ಎಂಪಿಪಿಟಿ ಎಂದು ಬರೆದು ಪಿಡಬ್ಲ್ಯೂಎಂ ಮಾರುವುದೂ ಮಾರುಕಟ್ಟೆಯಲ್ಲಿ ಮಾಮೂಲು. ಕೈಗೆ ತಗೊಂಡರೆ ಹಗುರ, ಏಕೆಂದರೆ ಒಳಗೆ ತಾಮ್ರದ ಕಾಯಿಲ್ಲೇ ಇಲ್ಲ. ಪಕ್ಕಾ ಪರೀಕ್ಷೆ ಬೇಕೆಂದರೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ತಗೊಂಡು ಬಿಸಿಲಲ್ಲಿ ಪ್ಯಾನೆಲ್ ಕಡೆಯ ಆಂಪ್, ಬ್ಯಾಟರಿ ಕಡೆಯ ಆಂಪ್ ಎರಡನ್ನೂ ನೋಡಿ. ಬ್ಯಾಟರಿ ಅರೆಖಾಲಿ ಇದ್ದಾಗಲೂ ಎರಡೂ ಒಂದೇ ಇದ್ದರೆ ಅದು ಎಂಪಿಪಿಟಿ ಅಲ್ಲ. ನಿಜವಾದದ್ದರಲ್ಲಿ ಬ್ಯಾಟರಿ ಕಡೆ ಆಂಪ್ ಹೆಚ್ಚಿರುತ್ತದೆ.

400 ವ್ಯಾಟಿಗೆ ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ 100/30 ಸರಿಯಾದ ಅಳತೆ: 100 ವೋಲ್ಟ್ ಮಿತಿ, 30 ಆಂಪ್, 12 ವೋಲ್ಟ್ ಬ್ಯಾಟರಿಗೆ 440 ವ್ಯಾಟ್‌ವರೆಗೆ. ಒಂದೇ 540 ಹಾಕಿದರೂ ಕೆಡುವುದಿಲ್ಲ, 440ಕ್ಕೆ ನಿಂತುಬಿಡುತ್ತದೆ ಅಷ್ಟೆ. ಇದು ಕೆಲಸ ಶುರುಮಾಡಲು ಪ್ಯಾನೆಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಮೇಲಿರಬೇಕು. 36 ಸೆಲ್ಲಿನ ಸಣ್ಣ ಪ್ಯಾನೆಲ್ ಬಿಸಿಗೆ 19ಕ್ಕೆ ಇಳಿದಿರುತ್ತದೆ, ಬ್ಯಾಟರಿ 13.6ರಲ್ಲಿದ್ದರೆ ಅಂಚಿಗೆ ಬಂದಂತೆ. ಅದಕ್ಕೇ ಎರಡು 200ರನ್ನು ಸರಣಿಯಲ್ಲಿ ಜೋಡಿಸುವುದು ಮೇಲು: 48 ವೋಲ್ಟ್ ಸಿಗುತ್ತದೆ, ಬೆಳಿಗ್ಗೆ ಬೇಗ ಶುರುವಾಗುತ್ತದೆ, ವೈರಿನಲ್ಲಿ ನಷ್ಟವೂ ಕಡಿಮೆ. ಒಂದರ ಮೇಲೆ ದಿನಾ ವೆಂಟಿನ ನೆರಳು ಬೀಳುವುದಾದರೆ ಮಾತ್ರ ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್.

ವೈರಿಂಗ್ ಕೆಡುವುದು ಹೆಚ್ಚಾಗಿ ಬ್ಯಾಟರಿ ಕಡೆ. ಕಂಟ್ರೋಲರಿನಿಂದ ಬ್ಯಾಟರಿಗೆ ಎರಡು ಮೀಟರ್ ದೂರ, 4 ಚದರ ಮಿಮೀ ವೈರು, 30 ಆಂಪ್ ಅಂದರೆ ಹೋಗಿಬರುವ ದಾರಿಯಲ್ಲಿ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಕಂಟ್ರೋಲರ್ 14.2 ಮುಟ್ಟಿದೆ ಅಂದುಕೊಂಡು ಕರೆಂಟು ಇಳಿಸುತ್ತದೆ, ಬ್ಯಾಟರಿಯಲ್ಲಿ ಇರುವುದು 13.7. 10 ಚದರ ಮಿಮೀ ಹಾಕಿದರೆ ನಷ್ಟ 0.2ಕ್ಕೆ ಇಳಿಯುತ್ತದೆ, ಕಂಟ್ರೋಲರನ್ನು ಬ್ಯಾಟರಿ ಪಕ್ಕಕ್ಕೇ ತಂದರೆ ಇನ್ನೂ ಕಡಿಮೆ. ಛಾವಣಿಯಿಂದ ಇಳಿಯುವ ವೈರಿಗೆ ಸೋಲಾರ್ ಡಿಸಿ ಕೇಬಲ್ 4 ಚದರ ಮಿಮೀ ಸಾಕು. ಬ್ಯಾಟರಿ ಪ್ಲಸ್ಸಿನ ಪಕ್ಕದಲ್ಲೇ 40 ಆಂಪ್ ಫ್ಯೂಸ್. ಪ್ಯಾನೆಲ್ ಕಡೆ ಸ್ವಿಚ್ಚಿಗೆ ಮನೆಯ ಎಸಿ ಕರೆಂಟಿನ ಎಂಸಿಬಿ (ತಾನೇ ಬೀಳುವ ಸುರಕ್ಷತಾ ಸ್ವಿಚ್) ಹಾಕಿಬಿಡುತ್ತಾರೆ. ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಎಂಸಿಬಿ ಒಳಗೇ ಉರಿಯುತ್ತದೆ. ಡಿಸಿಗೆಂದೇ ಮಾಡಿದ್ದು ಬೇಕು, ಅದರ ಪ್ಲಸ್-ಮೈನಸ್ ಗುರುತು ನೋಡಿ ಹಾಕಬೇಕು. ಪ್ಯಾನೆಲ್ ವೈರು ಕೂಡಿಸುವ ಎಂಸಿ4 ಕನೆಕ್ಟರಿನ ಗಂಡು ಹೆಣ್ಣು ಎರಡೂ ಒಂದೇ ಕಂಪನಿಯದಾಗಿರಲಿ. ಬೇರೆಬೇರೆಯದು ಕೂಡಿಕೊಂಡಂತೆ ಕಂಡರೂ ಒಳಗೆ ಸಡಿಲ, ಕಾದು ಕರಗುತ್ತದೆ. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬಿಚ್ಚುವಾಗ ಪ್ಯಾನೆಲ್ ಮೊದಲು. 12 ವೋಲ್ಟೋ 24 ವೋಲ್ಟೋ ಅನ್ನುವುದನ್ನು ಕಂಟ್ರೋಲರ್ ತಿಳಿಯುವುದು ಬ್ಯಾಟರಿ ನೋಡಿಯೇ.

ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) 200 ಎಎಚ್ ಇರಲಿ. 2.56 ಯೂನಿಟ್ಟಿನಲ್ಲಿ ಎರಡಕ್ಕಿಂತ ಹೆಚ್ಚು ಬಳಸಬಹುದು, ಒಂದು ದಿನ ಮೋಡ ಕವಿದರೂ ನಡೆಯುತ್ತದೆ. ಇನ್ವರ್ಟರ್ ಅಂಗಡಿಯವರು ತೋರಿಸುವ 150 ಎಎಚ್ ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ 50 ಕೆಜಿ ಮೇಲೆ ತೂಗುತ್ತದೆ, ಅದರಲ್ಲಿ ನಿಶ್ಚಿಂತೆಯಾಗಿ ಬಳಸಬಹುದಾದ್ದು ಅರ್ಧ ಮಾತ್ರ, ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿಯ ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಮಲಗುವ ಹಾಸಿಗೆಯ ಕೆಳಗೆ ಅದು ಬೇಡವೇ ಬೇಡ. ಲಿಥಿಯಂ ಹಾಕಿದ ಮೇಲೆ ಕಂಟ್ರೋಲರ್ ಸೆಟ್ಟಿಂಗ್ ಬದಲಿಸಿ: ತುಂಬಿಸಲು 14.2ರಿಂದ 14.4 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಈಕ್ವಲೈಸೇಶನ್ (ಬೇಕೆಂದೇ ವೋಲ್ಟೇಜ್ ಏರಿಸಿ ತುಂಬುವ ಸುತ್ತು) ಆಫ್, ಉಷ್ಣಾಂಶ ಸರಿದೂಗಿಸುವ ಆಯ್ಕೆಯೂ ಆಫ್. ಲೆಡ್ ಆಸಿಡ್ ಸೆಟ್ಟಿಂಗಿನಲ್ಲೇ ಬಿಟ್ಟರೆ ಈಕ್ವಲೈಸೇಶನ್ ಹೊತ್ತಿಗೆ ವೋಲ್ಟೇಜ್ 15 ದಾಟಿ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಬ್ಯಾಟರಿಯನ್ನು ಕತ್ತರಿಸಿಬಿಡುತ್ತದೆ. ಆ ಕ್ಷಣದ ಏರಿಕೆಗೆ ಒಳಗಿನ ಎಲ್‌ಇಡಿ ದೀಪಗಳು ಹೋಗುವುದುಂಟು.

ಕೂರಿಸುವುದು

ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ 47 ಕೆಜಿ ಭಾರದಷ್ಟಾಗುತ್ತದೆ, ಎದುರುಗಾಳಿ ಸೇರಿದರೆ ಇನ್ನೂ ಹೆಚ್ಚು. ಎರಡು ಪ್ಯಾನೆಲ್‌ಗೆ ಎರಡು ಚದರ ಮೀಟರ್ ಅಂದುಕೊಳ್ಳಿ. ಹಾಗಾಗಿ ತೆಳು ತಗಡಿಗೆ ಸ್ಕ್ರೂ ಹೊಡೆದರೆ ಸಾಲದು. ಕ್ಯಾರಿಯರ್ ಇದ್ದರೆ ಅದರ ಕಂಬಿಗೇ ಅಲ್ಯೂಮಿನಿಯಂ ಚಾನೆಲ್ ಬಿಗಿದು ಮೇಲೆ ಪ್ಯಾನೆಲ್ ಕೂರಿಸುವುದು ಎಲ್ಲಕ್ಕಿಂತ ವಾಸಿ, ಛಾವಣಿಗೆ ತೂತೇ ಬೇಡ. ಇಲ್ಲದಿದ್ದರೆ ಒಳಗಿನ ಅಡ್ಡಪಟ್ಟಿ ಎಲ್ಲಿದೆ ನೋಡಿ ಅದಕ್ಕೇ ಬೋಲ್ಟ್ ಹಾಕಿ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿದ ಮೇಲೆಯೇ ಸೀಲಂಟ್. ವಿನಿಗರ್ ವಾಸನೆಯ ಬಾತ್‌ರೂಮ್ ಸಿಲಿಕಾನ್ ಲೋಹವನ್ನು ತಿನ್ನುತ್ತದೆ. ವಾಹನಕ್ಕೆಂದೇ ಬರುವ ಪಾಲಿಯುರೇಥೇನ್, ಸಿಕಾಫ್ಲೆಕ್ಸ್ 252 ಥರದ್ದು, ಬಳಸಿ. ಬೆಂಗಳೂರಿನಲ್ಲಾದರೆ ಇಂಥದ್ದಕ್ಕೆ ಜೆ.ಸಿ. ರಸ್ತೆ, ಕೇಬಲ್ಲು ಫ್ಯೂಸಿಗೆ ಎಸ್.ಪಿ. ರಸ್ತೆ. ಕೇಬಲ್ ಇಳಿಯುವ ಗ್ಲ್ಯಾಂಡಿನ (ತೂತಿಗೆ ನೀರು ಇಳಿಯದಂತೆ ಕೂರಿಸುವ ಮುಚ್ಚಳ) ಬಾಯಿ ಗಾಡಿಯ ಹಿಂಬದಿಗೆ ತಿರುಗಿರಬೇಕು. ಕರಾವಳಿಯಲ್ಲಿ ಓಡಾಡುವವರು ಕಬ್ಬಿಣದ ನಟ್ಟು ಬೋಲ್ಟು ಬಿಟ್ಟು 304 ಅಥವಾ 316 ಸ್ಟೇನ್‌ಲೆಸ್ ಹಾಕಿಸಿ.

ನೆರಳಲ್ಲಿ ನಿಂತು ಪ್ಯಾನೆಲ್ಲನ್ನು ಮಾತ್ರ ಬಿಸಿಲಿಗೆ ಹಾಕುವ 200 ವ್ಯಾಟಿನ ಮಡಚುವ ಪ್ಯಾನೆಲ್ ಕೂಡ ಸಿಗುತ್ತದೆ. ಎಸ್ಟೇಟ್ ಕಡೆ ಹೋಗುವವರಿಗೆ ಛಾವಣಿಯದಕ್ಕಿಂತ ಇದೇ ಉಪಯೋಗ. ಖರೀದಿಸುವಾಗ ಹಿಂಬದಿ ನೋಡಿ: ಕಂಟ್ರೋಲರ್ ಪ್ಯಾನೆಲ್‌ಗೇ ಅಂಟಿದ್ದರೆ ಉದ್ದನೆಯ ತೆಳು ವೈರಿನಲ್ಲಿ ಬ್ಯಾಟರಿ ವೋಲ್ಟೇಜೇ ಸೋರಿಹೋಗುತ್ತದೆ. ಅದನ್ನು ಬೈಪಾಸ್ ಮಾಡಿ ಗಾಡಿಯೊಳಗಿನ ಎಂಪಿಪಿಟಿಗೆ ಕೊಡುವುದೇ ಸರಿ. ಬಿಟ್ಟು ಸುತ್ತಾಡಲು ಹೋಗುವಂತಿಲ್ಲ, ಗಾಳಿಗೂ ಹಾರುತ್ತದೆ, ಕಳ್ಳರ ಕೈಗೂ ಹಾರುತ್ತದೆ.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ಹೇಳಿದೆ. ಕ್ಯಾರವಾನ್ ಆಗಿಯೇ ನೋಂದಣಿಯಾಗುವ ಗಾಡಿಯಾದರೆ ಪ್ಯಾನೆಲ್ಲನ್ನೂ ಮೊದಲ ಡ್ರಾಯಿಂಗಿನಲ್ಲೇ ಸೇರಿಸಿ ಅಂತ ಬಾಡಿ ಕಟ್ಟುವವರಿಗೆ ಹೇಳಿ. ಆಮೇಲೆ ಹಾಕಿಸುವುದಾದರೆ ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೆ ಬಿಲ್ಲು, ಫೋಟೊ ಸಮೇತ ಬರೆದು ತಿಳಿಸಿ. ಪಿಎಂ ಸೂರ್ಯಘರ್ ಸಹಾಯಧನ ಮನೆ ಛಾವಣಿಗೆ, ವ್ಯಾನಿಗಲ್ಲ. ಪ್ಯಾನೆಲಿನ 25 ವರ್ಷದ ವಾರಂಟಿ ಚಲಿಸುವ ವಾಹನಕ್ಕೆ ಅನ್ವಯಿಸುತ್ತದೆಯೇ ಅನ್ನುವುದನ್ನು ಬಿಲ್ಲು ಹರಿಯುವ ಮೊದಲು ಓದಿ.

ಗಾಡಿ ಬಿಡಿಸಿಕೊಳ್ಳುವ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಶೆಡ್ಡಿನಿಂದ ಹೊರಗೆ ನಿಲ್ಲಿಸಿ. ಬ್ಯಾಟರಿ ತುಂಬಿದ್ದರೆ ಸೋಲಾರ್ ಆಂಪ್ ಸೊನ್ನೆಯ ಹತ್ತಿರ ತೋರಿಸುತ್ತದೆ, ಅದು ದೋಷವಲ್ಲ; ಹಿಂದಿನ ರಾತ್ರಿಯೇ ಅರ್ಧ ಖಾಲಿ ಮಾಡಿಡಲು ಹೇಳಿರಿ. ಮೋಡವಿಲ್ಲದ ದಿನ 400 ವ್ಯಾಟಿಗೆ ಬ್ಯಾಟರಿ ಕಡೆ 20ರಿಂದ 23 ಆಂಪ್ ಬರಬೇಕು. 15ರ ಕೆಳಗಿದ್ದರೆ ಒಂದೊಂದೇ ಪ್ಯಾನೆಲ್ ಬಿಚ್ಚಿ ಓಪನ್ ವೋಲ್ಟೇಜ್ ನೋಡಿ, ಎಂಸಿ4 ಮುಟ್ಟಿ ನೋಡಿ. ಕಾದಿರುವ ಜೋಡಣೆಯಲ್ಲೇ ತಪ್ಪು ಇರುತ್ತದೆ. ಆಮೇಲೆ ಪೈಪು ಹಿಡಿದು ಗ್ಲ್ಯಾಂಡಿನ ಮೇಲೆ ಇಪ್ಪತ್ತು ನಿಮಿಷ ನೀರು ಬಿಡಿಸಿ, ಒಳಗಿನ ಪ್ಲೈವುಡ್ ಮುಚ್ಚುವ ಮೊದಲು.